ಕೆಂಡದ ಮೇಲೆ ಎಳೆದರೋ, ಬೂದಿ ಕೆದಕಿದರೋ?

ಆಫೀಸಿನಲ್ಲಿ ಬೆವರಿಳಿಸಿಕೊಂಡು ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಮೊದಲು ಕಾಲಿಗೆ ಸಿಗುವುದು ಕೆಂಡ. ಬ್ರಿಟನ್ನಿನವರು 'ಹಾಲ್ಡ್ ಓವರ್ ದ ಕೋಲ್ಸ್' (ಕೆಂಡದ ಮೇಲೆ ಎಳೆದರು) ಅನ್ನುತ್ತಾರೆ, ಅಮೆರಿಕದವರು 'ರೇಕ್ಡ್ ಓವರ್ ದ ಕೋಲ್ಸ್'. ಎರಡೂ ಒಂದೇ: ಚಳಿ ಬಿಡಿಸಿದರು. ಇದನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ಕೆಟ್ಟಿತು. ನಮ್ಮಲ್ಲಿ ಕೆಂಡ ಹಾಯುವವರು ಹರಕೆ ಹೊತ್ತವರು, ಬೈಸಿಕೊಂಡವರಲ್ಲ.

ನಿಜವಾದ ಎಡವಟ್ಟು ಇರುವುದು 'ರೇಕ್'ನಲ್ಲಿ, ಅಂದರೆ ಕೆದಕುವುದರಲ್ಲಿ. 'ರೇಕ್' ಮತ್ತು 'ಓವರ್' ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದರೆ ('ರೇಕ್ ಹಿಮ್ ಓವರ್ ದ ಕೋಲ್ಸ್') ಅವನಿಗೆ ಮಂಗಳಾರತಿ ಆಯಿತೆಂದು ಅರ್ಥ. ನಡುವೆ ಯಾರೂ ಇಲ್ಲದೆ 'ರೇಕ್ ಓವರ್ ಓಲ್ಡ್ ಕೋಲ್ಸ್' ಅಥವಾ 'ರೇಕ್ ಓವರ್ ದ ಆಶಸ್' ಎಂದರೆ ಹಳೇ ಪುರಾಣ ಕೆದಕುವುದು. ಹಾಗಾಗಿ ಮ್ಯಾನೇಜರ್ 'ಲೆಟ್ಸ್ ನಾಟ್ ರೇಕ್ ಓವರ್ ಓಲ್ಡ್ ಕೋಲ್ಸ್' ಅಂದ ಕೂಡಲೇ ಬದುಕಿದೆ ಅಂತ ಉಸಿರು ಬಿಡಬೇಡಿ. ಹೋದ ವರ್ಷದ್ದು ಬೇಡ ಅಂದರಷ್ಟೆ. ಈ ವಾರದ್ದು ಬಾಕಿ ಇದೆ.

'ಟಿಕ್ ಆಫ್' ಇನ್ನೂ ತಂಟೆಯದು. ಬ್ರಿಟನ್ನಿನಲ್ಲಿ ಬಾಸ್ ನಿಮ್ಮನ್ನು 'ಟಿಕ್ಡ್ ಆಫ್' ಮಾಡಿದರೆ ಅವರು ಬೈದರು. ಅಮೆರಿಕದಲ್ಲಾದರೆ ನಿಮಗೇ ಪಿತ್ತ ನೆತ್ತಿಗೇರಿತು. ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಹಾಕುವುದಕ್ಕೂ ಇದೇ ಮಾತು. 'ಡ್ರೆಸ್ಸಿಂಗ್ ಡೌನ್' ಅಂದರೆ ಛೀಮಾರಿ. 'ಡ್ರೆಸ್ ಡೌನ್ ಫ್ರೈಡೇ' ಅಂದರೆ ಶುಕ್ರವಾರ ಟೀ ಶರ್ಟ್ ಹಾಕಿಕೊಂಡು ಬನ್ನಿ ಅಂತ. ರತ್ನಗಂಬಳಿಯನ್ನೂ ನಂಬಬೇಡಿ: 'ರೆಡ್ ಕಾರ್ಪೆಟ್' ಹಾಸಿದರೆ ಮರ್ಯಾದೆ, ಬರೀ 'ಆನ್ ದ ಕಾರ್ಪೆಟ್' ಕರೆಸಿದರೆ ಗ್ರಹಚಾರ.

'ರೀಡ್ ದ ರಯಟ್ ಆ್ಯಕ್ಟ್' ಮಾತ್ರ ಕಾನೂನುಬದ್ಧ ಬೈಗುಳ. ಬ್ರಿಟನ್ನಿನಲ್ಲಿ 1715ರ ಆಗಸ್ಟ್ 1ರಂದು ಜಾರಿಗೆ ಬಂದ ಕಾಯ್ದೆ ಅದು. 12 ಅಥವಾ ಹೆಚ್ಚು ಜನ ಸೇರಿ ಗಲಾಟೆ ಮಾಡುತ್ತಿದ್ದರೆ ಮ್ಯಾಜಿಸ್ಟ್ರೇಟ್ ಎದುರಿಗೆ ನಿಂತು ರಾಜನ ಹೆಸರಲ್ಲಿ ಘೋಷಣೆ ಓದಬೇಕು, 'ಗಾಡ್ ಸೇವ್ ದ ಕಿಂಗ್' ಎಂದು ಮುಗಿಸಬೇಕಿತ್ತು. ಆಮೇಲೆ ಚದುರಲು ಒಂದು ಗಂಟೆ. ಅಷ್ಟಾದರೂ ಅಲ್ಲೇ ನಿಂತಿದ್ದರೆ ಮರಣದಂಡನೆಗೂ ಅವಕಾಶವಿತ್ತು. ಈಗ ಅಪ್ಪ ಅಮ್ಮಂದಿರು ಓದುವ ಆವೃತ್ತಿಯಲ್ಲಿ ಆ ಒಂದು ಗಂಟೆ ಇಲ್ಲ. ಆದರೆ ಮೂಲದ ವಾಸನೆ ಉಳಿದಿದೆ: ಇದು 'ಇಲ್ಲಿಗೆ ನಿಲ್ಲಿಸು, ಇಲ್ಲದಿದ್ದರೆ ನೋಡು' ಎನ್ನುವ ಎಚ್ಚರಿಕೆ. ಮೂರು ವರ್ಷದ ಹಿಂದಿನ ತಪ್ಪಿಗೆ ಈಗ ಉಗಿಯುವಾಗ ಬಳಸಿದರೆ ಚೆನ್ನಾಗಿ ಕೂರುವುದಿಲ್ಲ.

ಅದಕ್ಕೆ ಕನ್ನಡದಲ್ಲಿ 'ಜನ್ಮ ಜಾಲಾಡುವುದು' ಇದೆ. ಇಂಗ್ಲಿಷಿನವರಿಗೆ ಬೈಯಲು ಒಂದು, ಹಳೆಯದು ಕೆದಕಲು ಇನ್ನೊಂದು ನುಡಿಗಟ್ಟು ಬೇಕು. ನಮ್ಮದರಲ್ಲಿ ಎರಡೂ ಒಂದೇ ಬಕೆಟ್ಟಿನಲ್ಲಿ. ಬಟ್ಟೆ ಜಾಲಾಡಿಸಿದ ಹಾಗೇ: ಮೊದಲ ಮುಳುಗಿಗೆ ಇವತ್ತು ಉಕ್ಕಿಸಿದ ಹಾಲು, ಎರಡನೆಯದಕ್ಕೆ ಹೋದ ದೀಪಾವಳಿಗೆ ಕಳೆದ ಸ್ಕೂಟರ್ ಕೀ, ಮೂರನೆಯದಕ್ಕೆ ಎಸ್ಸೆಸ್ಸೆಲ್ಸಿ ಗಣಿತದ 36 ಅಂಕ. ಹಿಂಡುವುದು ಇನ್ನೂ ಬಾಕಿ.