ಓಡ್ತದಲ್ಲ ಮಾರಾಯ್ರೆ

ಚೆನ್ನೈಯ ರಾಯಪೇಟೆಯ ಗಲ್ಲಿಯೊಂದರ ಶೆಡ್ಡಿನಲ್ಲಿ ಮೆಕ್ಯಾನಿಕ್ ತನ್ನ ತೋರುಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದು "ಇಂಗೆ ಪಾರುಂಗ ಸಾರ್" ಅಂದ. ಬೆರಳ ತುದಿಯಲ್ಲಿ ಕಪ್ಪಗೆ ಹೊಳೆಯುವ ಒಂದು ಮುದ್ದೆ. ಹಲಸಿನ ಬೆರಟಿ ಕಾಸುವಾಗ ಹದ ತಪ್ಪಿ ತಳ ಹಿಡಿದರೆ ಹೇಗಿರುತ್ತದೋ ಹಾಗೆ. ಅಪ್ಪನ ಬುಲೆಟ್ಟಿನ ಹೊಟ್ಟೆಯೊಳಗಿಂದ ಬಂದದ್ದು ಅದು. ಕೊನೆಯ ಸರ್ವೀಸ್ ಯಾವಾಗ ಆಗಿದೆ ಎಂದು ಕೇಳಿದ. ಒಂದೂವರೆ ತಿಂಗಳ ಹಿಂದೆ, ಊರಲ್ಲಿ, ಫುಲ್ ಸರ್ವೀಸ್ ಎಂದೆ. ಅವನು ನಗಲಿಲ್ಲ. ನಕ್ಕುಬಿಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಬೈಕು 1984ರದ್ದು, ಎರಕದ ಕಬ್ಬಿಣದ ಸಿಲಿಂಡರಿನ 350. ಇದೇ ಚೆನ್ನೈಯ ತಿರುವೊಟ್ಟಿಯೂರಿನಲ್ಲಿ ಹುಟ್ಟಿ, ಉಡುಪಿಯಲ್ಲಿ ಬಾಳ್ವೆ ಮಾಡಿ, ಈಗ ನನ್ನ ಹಿಂದೆ ಬಂದಿದೆ. ಅಪ್ಪ ಹೋದ ಮೇಲೆ ಅಂಬಲಪಾಡಿಯ ಮನೆಯ ಚಾವಡಿ ಪಕ್ಕ ನಿಂತೇ ಇತ್ತು. ಈ ವರ್ಷ ಧೈರ್ಯ ಮಾಡಿ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಗೋಣಿ ಸುತ್ತಿಸಿ, ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಮೇಲ್ ರೈಲಿನಲ್ಲಿ ಪಾರ್ಸೆಲ್ ಹಾಕಿದೆ. ಹಾಕುವ ಮೊದಲು ಊರಿನ ಮೆಕ್ಯಾನಿಕಣ್ಣನ ಹತ್ತಿರ ಕೊಟ್ಟಿದ್ದೆ. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ರೆಡಿ. ಹಳೆ ಎಣ್ಣೆ ಇಳಿಸಿ, ಸೀಮೆಎಣ್ಣೆ ಹೊಯ್ದು, ಎರಡು ನಿಮಿಷ ಇಂಜಿನ್ ಓಡಿಸಿ, ಅದನ್ನೂ ಇಳಿಸಿ, ಹೊಸ ಎಣ್ಣೆ ತುಂಬಿಸಿದ್ದರು. ಟ್ಯಾಂಕು ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಒಳಗೆಲ್ಲ ಸರಿ ಉಂಟಾ ಎಂದು ಕೇಳಿದ್ದಕ್ಕೆ ಬಂದ ಉತ್ತರವೇ ಈ ಬರಹದ ತಲೆಬರಹ.

ಓಡಿತು, ನಿಜ. ಇಲ್ಲಿ ಒಂದೆರಡು ನೂರು ಕಿಲೋಮೀಟರು ಓಡಿತು. ಆಮೇಲೆ ಇಂಜಿನ್ನಿನ ತಲೆಯಿಂದ ಒಂದು ಟಕಟಕ. ಮೊದಲು ಟ್ಯಾಪೆಟ್ ಸಡಿಲವಾಗಿದೆ ಅಂದುಕೊಂಡೆ. ಚೆನ್ನೈಯವನು ಟ್ಯಾಪೆಟ್ ಮುಟ್ಟಲಿಲ್ಲ. ಇಂಜಿನ್ನಿನ ತಲೆಯಲ್ಲಿ ವಾಲ್ವ್ ಒತ್ತುವ ರಾಕರಿಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನ ತುದಿಯ ತೂತಿನ ಬೋಲ್ಟನ್ನು, ಅಂದರೆ ಬ್ಯಾಂಜೋ ಬೋಲ್ಟನ್ನು, ಒಂದು ಸುತ್ತು ಸಡಿಲಿಸಿ, ಇಂಜಿನ್ ಚಾಲೂ ಮಾಡಿ, ಕಾದ. ಅಲ್ಲಿ ಎಣ್ಣೆ ಜಿನುಗಬೇಕು. ಒಂದು ಹನಿಯೂ ಇಲ್ಲ. ತಕ್ಷಣ ಬಂದ್ ಮಾಡಿ, ನನಗೊಂದು ಸ್ಟೂಲು ತಂದಿಟ್ಟ.

ಈ ಸ್ಟೂಲಿನ ವಿಷಯಕ್ಕೇ ನಾನು ಬರೆಯಲು ಕೂತದ್ದು. ಹದಿನಾಲ್ಕು ವರ್ಷದಿಂದ ಹೊರನಾಡಿನಲ್ಲಿದ್ದೇನೆ, ಊರಿನ ಯಾವ ಗ್ಯಾರೇಜಿನಲ್ಲೂ ನನ್ನನ್ನು ಕೂರಿಸಿ ಇಂಜಿನ್ನಿನ ಒಳಗೆ ತೋರಿಸಿದ್ದು ನೆನಪಿಲ್ಲ. "ನೀವು ಹೋಗಿ ಬನ್ನಿ, ಆದ ಮೇಲೆ ಫೋನ್ ಮಾಡ್ತೇನೆ" ಎನ್ನುವುದೇ ನಮ್ಮಲ್ಲಿ ಮರ್ಯಾದೆ. ನಿಂತು ನೋಡಿದರೆ ನಂಬಿಕೆ ಇಲ್ಲ ಎಂದರ್ಥ. ಇಲ್ಲಿ ನೋಡದೆ ಹೋದರೆ ಅವನಿಗೆ ಬೇಸರ.

ಬುಲೆಟ್ಟಿನ ಎಣ್ಣೆಯ ದಾರಿ ನನಗೆ ಗೊತ್ತಾದದ್ದು ಆ ಸ್ಟೂಲಿನ ಮೇಲೆ. ಎಣ್ಣೆಯ ತೊಟ್ಟಿ ಇಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನದ್ದೇ ಒಂದು ಕೋಣೆ. ಬಲಬದಿಯ ಟೈಮಿಂಗ್ ಕವರಿನಲ್ಲಿ ಎರಡು ಪಂಪು, ಒಂದು ಕಳಿಸುವುದಕ್ಕೆ, ಇನ್ನೊಂದು ವಾಪಸ್ ಎಳೆಯುವುದಕ್ಕೆ. ಎಣ್ಣೆ ಫೆಲ್ಟ್ ಫಿಲ್ಟರ್ ದಾಟಿ, ಪುಟ್ಟ ಕಾರ್ಕ್ ಸೀಲಿನ ಮೂಲಕ ಕ್ರ್ಯಾಂಕಿನ ತುದಿಗೆ ಹೊಕ್ಕು, ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವ ಬಿಗ್ ಎಂಡ್ ತಲುಪುತ್ತದೆ. ಅಲ್ಲಿರುವುದು ಗುಂಡಿನ ಬೇರಿಂಗ್ ಅಲ್ಲ, ಎಣ್ಣೆಯ ಪದರದ ಮೇಲೆ ತೇಲುವ ಬುಷ್. ಎಣ್ಣೆ ನಿಂತರೆ ಅದರ ಕಥೆ ಮುಗಿಯಿತು. ಸೀಮೆಎಣ್ಣೆ ಹಾಕಿ ಓಡಿಸಿದಾಗ ತೊಟ್ಟಿಯ ಮೂಲೆಯಲ್ಲಿ ತಣ್ಣಗೆ ಕೂತಿದ್ದ ಕೊಳೆ ಅರ್ಧ ಎದ್ದು, ಹೊರಗೂ ಬಾರದೆ, ಕಿರಿದಾದ ತೂತುಗಳಿಗೆ ಹೋಗಿ ಸಿಕ್ಕಿಕೊಂಡಿದೆ. ಮೇಲಿಂದ ಹೊಸ ಎಣ್ಣೆ. ಹಿಂದಿನ ಕಾಲದ ಎಣ್ಣೆಯಲ್ಲಿ ಕೊಳೆ ತಳಕ್ಕಿಳಿದು ಮಲಗುತ್ತಿತ್ತು. ಈಗಿನ 20ಡಬ್ಲ್ಯು-50 ಎಣ್ಣೆಯಲ್ಲಿ ತೊಳೆಯುವ ಗುಣವೂ ಇರುವುದರಿಂದ ಮಲಗಿದ್ದನ್ನು ಎಬ್ಬಿಸುತ್ತದೆ. ತೊಳೆದರೆ ಪೂರ್ತಿ ತೊಳೆಯಬೇಕು, ಇಲ್ಲವಾದರೆ ಸುಮ್ಮನಿರಬೇಕು ಎಂದ.

ಅವನು ಪೂರ್ತಿ ತೊಳೆದ. ಬಿಸಿ ಇರುವಾಗಲೇ ಎಣ್ಣೆ ಇಳಿಸಿ ರಾತ್ರಿಯಿಡೀ ಸೋರಲು ಬಿಟ್ಟ. ಮರುದಿನ ಕವರು ತೆಗೆದು, ಫೆಲ್ಟನ್ನು ಬೆಳಕಿಗೆ ಹಿಡಿದು ತೋರಿಸಿ, ಬಿಸಾಡಿದ. ಪಂಪಿನ ಬಿಲ್ಲೆಗಳನ್ನು ಪೇಸ್ಟ್ ಹಚ್ಚಿ ಗಾಜಿನ ಮೇಲೆ ವೃತ್ತಾಕಾರವಾಗಿ ಉಜ್ಜಿದ, ನಮ್ಮ ಅಜ್ಜಿ ಗಂಧ ತೇಯುತ್ತಿದ್ದ ತಾಳ್ಮೆಯಲ್ಲಿ. ಹುಡುಗನೊಬ್ಬ ಬನಿಯನ್ ವೇಸ್ಟ್ ತಂದಾಗ ಗದರಿದ. ಒಂದು ನೂಲೆಳೆ ಒಳಗೆ ಉಳಿದರೂ ಸಾಕಂತೆ, ಮತ್ತೆ ತೂತು ಕಟ್ಟುತ್ತದೆ. ಹಳೆ ವೇಷ್ಟಿಯ, ಅಂದರೆ ಪಂಚೆಯ, ತುಂಡೇ ಆಗಬೇಕು. ತೊಟ್ಟಿಯ ಮೂಲೆಗಳಿಗೆ ಬ್ರಶ್ಶು, ತೂತುಗಳಿಗೆ ಗಾಳಿ, ಆಮೇಲೆ ದೊಡ್ಡ ಸಿರಿಂಜಿನಲ್ಲಿ ಶುದ್ಧ ಎಣ್ಣೆ ಒತ್ತಿ, ಆಚೆ ಕಡೆ ಯಾವ ಬಣ್ಣದಲ್ಲಿ ಬರುತ್ತದೆ ನೋಡುವುದು. ಮೊದಲು ಕಪ್ಪು, ಆಮೇಲೆ ಚಾ, ಆಮೇಲೆ ಜೇನು. ಜೋಡಿಸಿದ ಮೇಲೆ ಪ್ಲಗ್ ಬಿಚ್ಚಿಟ್ಟು, ಬ್ಯಾಂಜೋ ಬೋಲ್ಟಿನಲ್ಲಿ ಎಣ್ಣೆ ಕಾಣುವವರೆಗೆ ಕಿಕ್ ಹೊಡೆಸಿದ, ನನ್ನಿಂದಲೇ. ಮುನ್ನೂರು ಕಿಲೋಮೀಟರಿಗೆ ಈ ಎಣ್ಣೆಯನ್ನೂ ಬದಲಿಸಬೇಕು ಎಂದು ಟ್ಯಾಂಕಿನ ಮೇಲೆ ಬೆರಳಿಂದ ಬರೆದು ತೋರಿಸಿದ. ಒಟ್ಟು ಮೂರು ದಿನ.

ನಮ್ಮಲ್ಲಿ ಆಯುಧಪೂಜೆಗೆ ಗಾಡಿ ತೊಳೆಯುವ ಸಂಭ್ರಮ ನೋಡಬೇಕು. ಕಡ್ಡಿ ಕಡ್ಡಿಗೂ ಬ್ರಶ್ಶು, ಹ್ಯಾಂಡಲಿಗೆ ಸೇವಂತಿಗೆ ಮಾಲೆ, ಚಕ್ರದಡಿ ಲಿಂಬೆಹಣ್ಣು. ಅಪ್ಪ ಬದುಕಿರುವಷ್ಟು ವರ್ಷ ಈ ಬೈಕಿಗೆ ಒಂದು ಪೂಜೆಯೂ ತಪ್ಪಿಲ್ಲ. ಟೈಮಿಂಗ್ ಕವರು ಎಷ್ಟು ಸಲ ತೆರೆದಿದ್ದಾರೆ? ಅದರ ಸ್ಕ್ರೂಗಳ ತಲೆ ನೋಡಿದರೆ ಒಮ್ಮೆಯೂ ಇರಲಿಕ್ಕಿಲ್ಲ. ಹೊರಗೆ ಹೊಳೆದರೆ ಸಾಕು, ಓಡಿದರೆ ಮುಗಿಯಿತು. ರಸ್ತೆಗೂ ಇದೇ ಮಾತು, ಕಚೇರಿಯ ಕಡತಕ್ಕೂ ಇದೇ ಮಾತು. ಸಿಟ್ಟಿನಲ್ಲಿ ಭಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ.

ಭಾವ ಪೂರ್ತಿ ಕೇಳಿ, "ಹಾಗಾದ್ರೆ ಮಲ್ಪೆಗೆ ಹೋಗಿ ಜೂನಿನಲ್ಲಿ ನೋಡು ಮಾರಾಯ" ಎಂದರು. ಅವರು ಹೇಳಿದ್ದು ಸರಿಯೇ. ಮಳೆಗಾಲದಲ್ಲಿ (ಈಗಿನ ಲೆಕ್ಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ) ಮೀನುಗಾರಿಕೆ ನಿಂತಾಗ ಬಂದರಿನಲ್ಲಿ ಬೋಟುಗಳ ಇಂಜಿನ್ ಬಿಚ್ಚಿ ಎಣ್ಣೆಯ ಸಂಪು ತೊಳೆಯುವ ಕೆಲಸವನ್ನು ನಾನೂ ಚಿಕ್ಕಂದಿನಲ್ಲಿ ಕೊಡೆ ಹಿಡಿದು ನೋಡಿದ್ದೇನೆ. ಅಲ್ಲಿ ಯಾರೂ ಓಡ್ತದಲ್ಲ ಎನ್ನುವುದಿಲ್ಲ, ನಡು ಸಮುದ್ರದಲ್ಲಿ ನಿಂತರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಈ ಮಾತು ಭಾವನ ಎದುರು ಒಪ್ಪಿಕೊಳ್ಳಲಿಲ್ಲ.

ಇನ್ನೊಂದನ್ನು ಬರೆಯುವುದೇ ಬೇಡ ಅಂದುಕೊಂಡಿದ್ದೆ. ಊರಿನ ಮೆಕ್ಯಾನಿಕಣ್ಣ ಮೊದಲ ದಿನವೇ, "ಬಿಚ್ಚಿ ನೋಡುವ, ನಾಲ್ಕು ದಿವಸ ಬಿಟ್ಟು ಹೋಗಿ" ಎಂದಿದ್ದರು. ರೈಲು ಬುಕ್ ಆಗಿದೆ, ಓಡುವಂತೆ ಮಾಡಿಕೊಡಿ ಸಾಕು ಎಂದವನು ನಾನು. ನಾಲ್ಕು ದಿವಸ ನನ್ನ ಹತ್ತಿರ ಇರಲಿಲ್ಲ. ಊರಿಗೆ ಹೋದಾಗ ಯಾವತ್ತೂ ಇರುವುದಿಲ್ಲ.

ಅಷ್ಟೂ ಕೊಳೆ ಎಲ್ಲಿಂದ ಬಂತು ಎಂದು ರಾಯಪೇಟೆಯವನನ್ನು ಕೇಳಿದಾಗ ಅವನು ರಾಕರ್ ಕವರಿನ ಒಳಬದಿ ತೋರಿಸಿದ. ಅಲ್ಲಿ ಕಪ್ಪಲ್ಲ, ಹಾಲು ಹೆಚ್ಚಾದ ಚಾದ ಬಣ್ಣದ ನೊರೆಗಟ್ಟಿದ ಪದರ. ನೀರು. ಓಡಿಸದೆ ಸುಮ್ಮನೆ ಆಗಾಗ ಸ್ಟಾರ್ಟ್ ಮಾಡಿ ಆರಿಸಿದರೆ ಇಂಜಿನ್ನಿನೊಳಗೆ ನೀರು ಬೆವರುತ್ತದೆ, ಆದರೆ ಆರಿಹೋಗುವಷ್ಟು ಬಿಸಿ ಏರುವುದಿಲ್ಲ. ಅದು ಎಣ್ಣೆಗೆ ಸೇರಿ, ಮಸಿಗೆ ಸೇರಿ, ಬೆರಟಿಯಾಗುತ್ತದೆ. "ಯಾರೋ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ" ಎಂದ.

ದಿನಾ ಅಲ್ಲ. ಭಾನುವಾರ. ಅಪ್ಪ ಹೋದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಭಾವ ಬಂದು ಬೈಕು ಸ್ಟಾರ್ಟ್ ಮಾಡುತ್ತಿದ್ದರು, ಅಮ್ಮ ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿಯುತ್ತಿದ್ದಳು. ಕೇಳಿದ್ದು ನಾನೇ. ಐದು ನಿಮಿಷ ಆ ಡುಗುಡುಗು ಕೇಳಿದರೆ ವಾರ ಕಳೆಯುತ್ತಿತ್ತು. ಮಳೆಗಾಲದಲ್ಲೂ ಬಿಡಲಿಲ್ಲ, ಹಂಚಿನ ಮೇಲಿನ ಮಳೆಯ ಸದ್ದೂ ಜೊತೆಗೆ ಕೇಳುತ್ತಿತ್ತು.

ಈಗ ಫೋನು ಹಿಡಿಯುವವನು ನಾನು. ಮೊದಲು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅಮ್ಮನಿಗೆ ಫೋನ್ ಹಚ್ಚುತ್ತೇನೆ. "ಇವತ್ತು ತಡ ಆಯ್ತಲ್ಲ" ಅಂತಾಳೆ.