ಬಾಗಿಲು ತೆರೆದಿದೆ, ಬಾಯಿ ಮುಚ್ಚಿರಲಿ

ಕ್ರಿಮಿನಲ್ ನ್ಯಾಯಾಲಯವೆಂದರೆ ತೆರೆದ ನ್ಯಾಯಾಲಯ, ಜಾಗ ಹಿಡಿಸುವಷ್ಟು ಸಾರ್ವಜನಿಕರು ಒಳಗೆ ಬರಬಹುದು ಎಂದು ಕ್ರಿಮಿನಲ್ ವಿಚಾರಣೆಯ ಕ್ರಮವನ್ನು ವಿಧಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಂ ಉದಾರವಾಗಿ ಸಾರುತ್ತದೆ. ಈ ಔದಾರ್ಯವನ್ನು ಕಾಸರಗೋಡಿನ ಬಳಿಯ ಕುಂಬಳೆಯ ಕನ್ನಡಿಗನೊಬ್ಬ ನಂಬಿದನೆಂದು ಇಟ್ಟುಕೊಳ್ಳೋಣ.

ಅವನ ನೆರೆಮನೆಯವನಿಗೆ ಕಾಸರಗೋಡಿನ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿದೆ. ಮೇಲ್ಮನವಿ ಸಲ್ಲಿಸಲು 60 ದಿನಗಳ ಅವಧಿಯಿದೆ, ಸಲ್ಲಿಸಬೇಕಾದದ್ದು ಎರ್ನಾಕುಲಂನ ಹೈಕೋರ್ಟಿಗೆ. ಮಂಗಳೂರು ಕೂಗಳತೆಯಲ್ಲಿದ್ದರೂ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ನ್ಯಾಯ ದಕ್ಷಿಣ ದಿಕ್ಕಿನಲ್ಲೇ ನೆಲೆಸಿರುವುದರಿಂದ, ನಮ್ಮ ಸಾರ್ವಜನಿಕನು ರಾತ್ರಿಯ ರೈಲು ಹಿಡಿದು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತು ತನ್ನ ಭಾಗವಹಿಸುವಿಕೆಯನ್ನು ಆರಂಭಿಸುತ್ತಾನೆ. ಸಾಕ್ಷಿ ತುಳುವಿನಲ್ಲಿ ಹೇಳಿದ್ದು ಮಲಯಾಳದಲ್ಲಿ ದಾಖಲಾಗಿ, ಈಗ ಸಂವಿಧಾನದ 348ನೇ ವಿಧಿಯ ಅಪ್ಪಣೆಯಂತೆ ಇಂಗ್ಲಿಷಿನಲ್ಲಿ ಚರ್ಚೆಯಾಗುತ್ತಿದೆ. ವಿಚಾರಣೆಯ ಕಾಲದಲ್ಲಿ ಆರೋಪಿಗಾದರೂ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮವಿದೆ. ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಅದೂ ಇಲ್ಲ. ರಾತ್ರಿಯಿಡೀ ವೇಷವಿಲ್ಲದ ಮಾತಿನ ಯಕ್ಷಗಾನವಾದ ತಾಳಮದ್ದಳೆ ಕೇಳಿ ಯಾವ ಅರ್ಥಧಾರಿಯ ವಾದ ಎಲ್ಲಿ ಕುಂಟಿತೆಂದು ಬೆಳಗ್ಗೆ ಕರಾರುವಾಕ್ಕಾಗಿ ಹೇಳಬಲ್ಲ ಮನುಷ್ಯನಿಗೆ ಇಲ್ಲಿ ಅರ್ಥವಾಗುವುದು ಮುಂದಿನ ವಾಯಿದೆಯ ತಾರೀಕು ಮಾತ್ರ. ಶಿಕ್ಷೆಗೊಳಗಾದವನು ಜೈಲಿನಲ್ಲೇ ಇದ್ದಾನೆ, ಅವನ ಉಪಸ್ಥಿತಿ ಯಾರಿಗೂ ಬೇಕಾಗಿಲ್ಲ.

ಎದ್ದು ನಿಂತು, 'ಸ್ವಾಮೀ, ಆ ರಾತ್ರಿ ಅವನು ನಮ್ಮ ಜಗಲಿಯಲ್ಲೇ ಇದ್ದ' ಎಂದು ಹೇಳಿದರಾದೀತೇ? ಆಗದು. ಅಪರಿಚಿತನು ಇನ್ನೊಬ್ಬನ ಶಿಕ್ಷೆಯನ್ನು ಪ್ರಶ್ನಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1992ರಲ್ಲೇ ಹೇಳಿದೆ. ಜ್ಯೂರಿಯೆಂಬ ಹೆಸರಿನಲ್ಲಿ, ತೀರ್ಪು ಹೇಳಲು ಸಾಮಾನ್ಯ ಜನರಿಗಿದ್ದ ಕುರ್ಚಿಯನ್ನು 1973ರ ದಂಡ ಪ್ರಕ್ರಿಯಾ ಸಂಹಿತೆ ಕೈಬಿಟ್ಟಿತು. (ಪೆಟ್ಟು ತಿಂದವನಿಗೇ ಆರೋಪಿಯ ಬಿಡುಗಡೆಯ ವಿರುದ್ಧ ಮೇಲ್ಮನವಿ ಹೋಗುವ ಹಕ್ಕು ಸಿಕ್ಕಿದ್ದು 2009ರ ಕೊನೆಗೆ, ಪೆಟ್ಟಿಗೂ ಅವನಿಗೂ ಏನೋ ಸಂಬಂಧವಿದೆಯೆಂದು ಪತ್ತೆಹಚ್ಚಲು ಅಷ್ಟು ಸಮಯ ಬೇಕಾಯಿತು.)

ಹೀಗಾಗಿ ಜನರು ತಮ್ಮದೇ ಪೀಠವನ್ನು ಊರ ಚಾದಂಗಡಿಯಲ್ಲಿ ಸ್ಥಾಪಿಸಿಕೊಂಡಿದ್ದಾರೆ. ಅಲ್ಲಿ ಎಫ್‌ಐಆರೇ ತೀರ್ಪು, ಭಾಷೆಯ ತೊಡಕಿಲ್ಲ, ವಾಯಿದೆಯಿಲ್ಲ, ಯಾರು ಬೇಕಾದರೂ ನ್ಯಾಯಾಧೀಶರಾಗಬಹುದು. ಕುಂದು ಒಂದೇ, ಮೇಲ್ಮನವಿಗೆ ಅವಕಾಶವಿಲ್ಲ. ವರ್ಷಗಳ ಬಳಿಕ ಹೈಕೋರ್ಟು ನಿರಪರಾಧಿಯೆಂದು ಬಿಟ್ಟವನು ಕುಂಬಳೆಯಲ್ಲಿ ರೈಲಿಳಿದು ಬಂದರೆ, ಪೀಠವು ಚಾ ಲೋಟವನ್ನು ಕೆಳಗಿಡದೆಯೇ ಹೊಸ ಆದೇಶ ಹೊರಡಿಸುತ್ತದೆ: 'ವಕೀಲ ಗಟ್ಟಿಗ ಇರಬೇಕು.'