ಕೊಳಲಿಗೆ ಯಾವ ಎಣ್ಣೆ ಒಳ್ಳೇದು ಸಾರ್?

ಕೊಳಲಿನ ಹವ್ಯಾಸಿಗಳ ಆನ್‌ಲೈನ್ ಗುಂಪುಗಳಲ್ಲಿ ಊದುವವರಿಗಿಂತ ಕೇಳುವವರೇ ಜಾಸ್ತಿ. ಕೇಳುವವರು ಎಂದರೆ ಸಂಗೀತ ಕೇಳುವವರಲ್ಲ, ಪ್ರಶ್ನೆ ಕೇಳುವವರು. ಬಿದಿರಿಗೆ ಆರು ತೂತು, ಇವರ ಪ್ರಶ್ನೆಗಳೂ ಹೆಚ್ಚುಕಮ್ಮಿ ಅಷ್ಟೇ. ಉತ್ತರ ಎಷ್ಟು ಸಲ ಸಿಕ್ಕರೂ ಪ್ರಶ್ನೆ ಸವೆಯುವುದಿಲ್ಲ.

ಮೊದಲನೆಯದು, "ಹೊಸದಾಗಿ ಕಲೀತಿದೀನಿ ಸಾರ್, ಯಾವ ಸ್ಕೇಲ್ ತಗೊಳ್ಳಲಿ?" ಇದನ್ನು ಕೇಳುವ ಹೊತ್ತಿಗೆ ಇ ಬಾಸ್ ಕೊಳಲು ಕೊರಿಯರ್‌ನಲ್ಲಿ ಹೊರಟು ಅರ್ಧ ದಾರಿ ಬಂದಿರುತ್ತದೆ. ಲಗ್ನಪತ್ರಿಕೆ ಹಂಚಿಯಾದ ಮೇಲೆ ಜಾತಕ ತೋರಿಸಿದ ಹಾಗೆ. ಇ ಬಾಸ್ ಎಂದರೆ ಇಪ್ಪತ್ತೊಂಬತ್ತು ಮೂವತ್ತು ಇಂಚಿನ ದೊಣ್ಣೆ. ಹಿಂದೂಸ್ತಾನಿ ಕೊಳಲುವಾದಕ ಪನ್ನಾಲಾಲ್ ಘೋಷ್ (1911–1960) ಮೂವತ್ತೆರಡು ಇಂಚಿನ ತನಕ ಕೊಳಲನ್ನು ಉದ್ದ ಮಾಡಿ ಅದನ್ನು ಕಛೇರಿಯ ವೇದಿಕೆಗೆ ತಂದರು, ನಿಜ. ಆದರೆ ಅವರಿಗೆ ಮೊದಲ ವಾರದಲ್ಲೇ ರೀಲ್ಸ್ ಹಾಕುವ ತುರ್ತು ಇರಲಿಲ್ಲ. ಹೊಸಬರ ಬಲಗೈ ಉಂಗುರದ ಬೆರಳು ಇ ಬಾಸಿನ ಕೊನೆಯ ತೂತನ್ನು ಮುಟ್ಟುವಷ್ಟರಲ್ಲಿ ಮಣಿಕಟ್ಟು ಜಿಲೇಬಿಯಾಗಿರುತ್ತದೆ. ಎರಡಡಿ ಆಸುಪಾಸಿನ ಜಿ, ಇಲ್ಲವೇ ಒಂದೂವರೆ ಅಡಿಯ ಮೀಡಿಯಂ ಸಿ ಸಾಕು ಎಂದು ಅನುಭವಸ್ಥರು ಹೇಳುತ್ತಾರೆ. "ಥ್ಯಾಂಕ್ಸ್ ಸಾರ್, ಆದ್ರೆ ಬಾಸಿನ ಫೀಲ್ ಬರಲ್ಲ ಅಲ್ವಾ?" ಎಂದು ತಿರುಗಿ ಬರುತ್ತದೆ. ಫೀಲ್ ಇರಲಿ, ಗಾಳಿ ಬಂದರೆ ಸಾಕಾಗಿದೆ.

ಸರಿ, ಸಿ ಎಂದೇ ಇಟ್ಟುಕೊಳ್ಳೋಣ. ಯಾವ ಸಿ? ನಮ್ಮ ದೇಶದ ಅತಿ ದೊಡ್ಡ ಜಾತಿ ಪ್ರಮಾಣಪತ್ರದ ಗೊಂದಲ ಇರುವುದು ಇಲ್ಲೇ. ಹಿಂದೂಸ್ತಾನಿಯವರು ಮೇಲಿನ ಮೂರು ತೂತು ಮುಚ್ಚಿದಾಗ ಬರುವ ಸ್ವರವನ್ನು ಷಡ್ಜ, ಅಂದರೆ ಸ, ಎನ್ನುತ್ತಾರೆ; ಆ ಸ್ವರದ ಹೆಸರೇ ಕೊಳಲಿನ ಹೆಸರು. ಕರ್ನಾಟಕ ಸಂಗೀತದವರಿಗೆ ಎರಡೇ ತೂತು ಮುಚ್ಚಿದರೆ ಷಡ್ಜ. ಐರ್ಲೆಂಡಿನವರು ಆರೂ ಮುಚ್ಚಿದಾಗ ಏನು ಬರುತ್ತದೋ ಆ ಹೆಸರನ್ನೇ ಕೊಳಲಿಗೆ ಇಡುತ್ತಾರೆ. ಅಂದಮೇಲೆ ಒಂದೇ ಬಿದಿರ ತುಂಡು ಧಾರವಾಡದಲ್ಲಿ ಸಿ, ಮೈಸೂರಿನಲ್ಲಿ ಹಾರ್ಮೋನಿಯಂ ಕೀಲಿಯ ಲೆಕ್ಕದ ಎರಡು ಮನೆ ಅಂದರೆ ಡಿ, ಡಬ್ಲಿನ್‌ನಲ್ಲಿ ಜಿ. ಯಕ್ಷಗಾನದ ಭಾಗವತರ ಕೈಗೆ ಕೊಟ್ಟರೆ ಹಾರ್ಮೋನಿಯಂ ನೋಡಿ "ಬಿಳಿ ಎರಡು" ಎಂದು ಅದಕ್ಕೆ ಬಣ್ಣವನ್ನೂ ಬಳಿಯುತ್ತಾರೆ. ಬೆಲೆ ಮಾತ್ರ ಎಲ್ಲ ಕಡೆಯೂ ಒಂದೇ ಬೈಗುಳಕ್ಕೆ ಅರ್ಹ.

ಮನೆ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ಒಂದು, ಒಂದೂವರೆ, ಎರಡು, ಎರಡೂವರೆ, ಮೂರು, ಅಲ್ಲಿಂದ ಸೀದಾ ನಾಲ್ಕು. ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿಮನೆಯೇ ಇಲ್ಲ. ಆದರೂ ವರ್ಷಕ್ಕೊಬ್ಬರಾದರೂ ಕೊಳಲಿನ ಅಂಗಡಿಗೆ ಹೋಗಿ "ಮೂರೂವರೆ ಮನೇದು ಕೊಡಿ" ಎನ್ನುತ್ತಾರೆ. ಅಂಗಡಿಯವರು ಒಳಗೆ ಹೋಗಿ ನಾಲ್ಕು ಮನೆಯದನ್ನು ತಂದು, "ಇದೇ ನೋಡಿ, ಸ್ಪೆಷಲ್" ಎಂದು ಐವತ್ತು ರೂಪಾಯಿ ಹೆಚ್ಚು ತೆಗೆದುಕೊಂಡರೆ ಅದನ್ನು ಮೋಸ ಎನ್ನಬೇಕೋ ಪಾಠ ಎನ್ನಬೇಕೋ ಬಲ್ಲವರೇ ಹೇಳಲಿ.

ಕೊಳಲು ಬಂತು. ಉತ್ತರ ಪ್ರದೇಶದ ಪೀಲಿಭೀತ್‌ನಲ್ಲಿ ತಯಾರಾದದ್ದು, ಬಿದಿರು ಅಸ್ಸಾಮಿನ ಸಿಲ್ಚಾರ್ ಕಡೆಯದು, ಮೈಮೇಲೆ ಸುಟ್ಟು ಬರೆದ "ಪ್ರೊಫೆಷನಲ್" ಎಂಬ ಅಕ್ಷರ. ಊದಿದರೆ ಕುಕ್ಕರ್ ಸೀಟಿಗೆ ಮುಂಚೆ ಬರುತ್ತದಲ್ಲ, ಆ ಸದ್ದು. ತಕ್ಷಣ ಎರಡನೇ ಪ್ರಶ್ನೆ: "ಕೊಳಲು ಡಿಫೆಕ್ಟ್ ಇದೆ ಅನ್ಸುತ್ತೆ, ರಿಟರ್ನ್ ಹೇಗೆ ಮಾಡೋದು?" ಕೊಳಲಿನಲ್ಲಿ ದೋಷ ಇರಲೂಬಹುದು. ಅದಕ್ಕೆ ಮುಂಚೆ ನೋಡಬೇಕಾದದ್ದು ಬೆರಳು. ಆರೂ ತೂತನ್ನು ಹತ್ತೆಣಿಸುವ ತನಕ ಗಟ್ಟಿಯಾಗಿ ಒತ್ತಿ ಹಿಡಿದು, ಬೆರಳೆತ್ತಿ ನೋಡಿದರೆ ಚರ್ಮದ ಮೇಲೆ ಉಂಗುರ ಮೂಡಿರುತ್ತದೆ. ಆರೂ ಉಂಗುರ ಪೂರ್ತಿ ಇರಬೇಕು. ಒಂದು ಅರ್ಧಚಂದ್ರವಾಗಿದ್ದರೆ ಗಾಳಿ ಅಲ್ಲೇ ಸೋರುತ್ತಿದೆ. ಹತ್ತಕ್ಕೆ ಒಂಬತ್ತು ಸಲ ಅದು ಬಲಗೈಯ ಉಂಗುರದ ಬೆರಳೇ. ಉಂಗುರ ಹಾಕಿಕೊಳ್ಳಲೆಂದೇ ಇರುವ ಬೆರಳಿಗೆ ಉಂಗುರ ಮೂಡಿಸಲು ಬಾರದು.

ಉಂಗುರ ಸರಿಯಿದ್ದೂ ಸದ್ದಿಲ್ಲ ಎಂದರೆ ತುಟಿಯ ಕಡೆ ಬರಬೇಕು. ಊದುವ ತೂತಿನ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಕೆಳದುಟಿಯ ಅಡಿಗೆ ಬರಬೇಕು. ಗಾಳಿ ಒಳಗೆ ತುಂಬುವಂಥದ್ದಲ್ಲ, ಆಚೆ ಅಂಚಿಗೆ ಹೊಡೆದು ಸೀಳಬೇಕಾದದ್ದು. ಬೆರಳನ್ನೇ ಇಡದೆ ಇದೊಂದನ್ನೇ ಒಂದು ವಾರ ಮಾಡಿದರೆ ಸಾಕು. ಯಾರೂ ಮಾಡುವುದಿಲ್ಲ. ಒಲೆ ಊದಿದ ಹಾಗೆ ಐದು ನಿಮಿಷ ಊದಿ, ತಲೆ ಸುತ್ತಿ ಸೋಫಾ ಮೇಲೆ ಕೂತು, "ಕೊಳಲು ಊದಿದ್ರೆ ಕುಂಡಲಿನಿ ಏಳುತ್ತಾ ಸಾರ್?" ಎಂದು ಕೇಳುತ್ತಾರೆ. ಏಳುವುದು ಕುಂಡಲಿನಿಯಲ್ಲ. ಜೋರಾಗಿ ಉಸಿರಾಡಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದಿದೆ, ಅಷ್ಟೆ. ಸ್ವಲ್ಪ ಸುಮ್ಮನೆ ಕೂತರೆ ಅದೂ ಮಲಗುತ್ತದೆ.

ಅಂತೂ ಸ್ವರ ಬಂತೆನ್ನಿ. ಆಗ ರಂಗಪ್ರವೇಶ ಮಾಡುವುದು ಟ್ಯೂನರ್ ಆ್ಯಪ್. ಹಿಂದೆ ಶ್ರುತಿ ತಪ್ಪಿದರೆ ಗುರುಗಳು ಕಣ್ಣು ಬಿಡುತ್ತಿದ್ದರು, ಈಗ ಫೋನು ಕೆಂಪು ಬಿಡುತ್ತದೆ. "ಸ, ರಿ, ಪ ಎಲ್ಲ ಹಸಿರು ಬರುತ್ತೆ, ಗ ಮಾತ್ರ ಹದಿನಾಲ್ಕು ಸೆಂಟ್ ಕಮ್ಮಿ ತೋರಿಸ್ತಿದೆ, ತೂತು ಸ್ವಲ್ಪ ಅರ ಹಾಕಿ ದೊಡ್ಡದು ಮಾಡ್ಲಾ?" ಅಯ್ಯೋ, ಬೇಡ ಮಾರಾಯರೆ! ಸೆಂಟ್ ಎಂದರೆ ಸಪ್ತಕದ ಹನ್ನೆರಡನೇ ಪಾಲಿನಲ್ಲಿ ನೂರನೇ ಒಂದಂಶ. ಇ ಕೊಳಲಿನ ಷಡ್ಜ 329.6 ಹರ್ಟ್ಸ್. ಶುದ್ಧ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 412. ಫೋನಿನೊಳಗೆ ಕೂತಿರುವವನು ಪಿಯಾನೋ ಪಕ್ಷದವನು. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಅವನು 415.3 ಬೇಕು ಎನ್ನುತ್ತಾನೆ. ಪಕ್ಕದಲ್ಲಿ ತಂಬೂರಿ ಹಾಕಿ ನೋಡಿ. ಅದರ ಮಂದ್ರದ ತಂತಿ 82.4ರಲ್ಲಿ ಮಿಡಿಯುತ್ತಿದ್ದರೆ ಅದರ ಐದನೇ ಪಟ್ಟು 412 ತಾನಾಗಿಯೇ ಕೇಳುತ್ತಿರುತ್ತದೆ. ನಮ್ಮವರು ಅದನ್ನು ಸ್ವಯಂಭೂ ಗಾಂಧಾರ ಎಂದು ಸುಮ್ಮನೆ ಕರೆದಿಲ್ಲ. ಈಗ ಅರ ಹಾಕಿ "ರಿಪೇರಿ" ಮಾಡಿದ 415.3 ಊದಿ. ಸೆಕೆಂಡಿಗೆ ಮೂರು ಸಲಕ್ಕಿಂತ ತುಸು ಹೆಚ್ಚು ವಾಂವ್ ವಾಂವ್ ಎಂದು ಅಲೆ ಏಳುತ್ತದೆ, ಬೀದಿಗೆ ಹೊಸ ನಾಯಿ ಬಂದ ಹಾಗೆ. ಫೋನು ಮಾತ್ರ ಹಸಿರಾಗಿರುತ್ತದೆ.

ಅಲ್ಲಿಂದ ಮುಂದೆ ಭಕ್ತಿಪಂಥ ಶುರು. "440 ಹರ್ಟ್ಸ್ ಪಾಶ್ಚಾತ್ಯರ ಪಿತೂರಿ, ಋಷಿಮುನಿಗಳ ಕಾಲದ್ದು 432, ಅದರಲ್ಲಿ ನುಡಿಸಿದರೆ ಬಿಪಿ ಇಳಿಯುತ್ತದೆ, ಅಂಥ ಕೊಳಲು ಎಲ್ಲಿ ಸಿಗುತ್ತದೆ?" ವಾದ್ಯಗಳ ಶ್ರುತಿ ಕೂಡಿಸುವ 440 ಎಂಬ ಅಳತೆ 1939ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಒಪ್ಪಿಗೆಯಾಗಿ, 1975ರಲ್ಲಿ ಐಎಸ್‌ಒ 16 ಎಂಬ ನಂಬರಿನ ಮಾನದಂಡವಾಗಿ ಕೂತದ್ದು. ಪಿತೂರಿ ಎನ್ನಲು ಅದಕ್ಕೆ ಬೇಕಾದ ಮಜಾ ಇಲ್ಲ, ಬರೀ ಕಮಿಟಿ ಕೆಲಸ. ಅದೂ ಎ ಎಂಬ ಸ್ವರದ ಲೆಕ್ಕ. ನಮ್ಮಲ್ಲಿ ಷಡ್ಜಕ್ಕೆ ಸ್ವಂತ ಮನೆಯೇ ಇಲ್ಲ, ಹಾಡುವವರ ಗಂಟಲು ಎಲ್ಲಿ ಬಾಡಿಗೆ ಕೊಟ್ಟರೆ ಅಲ್ಲಿ ಬಿಡಾರ. ಇನ್ನು ಋಷಿಗಳು. ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂದು. ಋಷಿಗಳು ಎಣಿಸುತ್ತಿದ್ದುದು ಘಳಿಗೆಯಲ್ಲಿ, ಇಪ್ಪತ್ನಾಲ್ಕು ನಿಮಿಷಕ್ಕೊಂದು. ಆ ಲೆಕ್ಕದಲ್ಲಿ ನಿಮ್ಮ ಪವಿತ್ರ 432, ಘಳಿಗೆಗೆ 6,22,080 ಆಗುತ್ತದೆ. ಈ ಸಂಖ್ಯೆಯನ್ನು ಟೀಶರ್ಟಿನ ಮೇಲೆ ಬರೆಸಿ ಮಾರಿ ನೋಡೋಣ.

ಇಷ್ಟಕ್ಕೂ 432 ಬೇಕಿದ್ದರೆ ದುಡ್ಡು ಕೊಡಬೇಕಾಗಿಲ್ಲ. ಗಾಳಿ ತಣ್ಣಗಾದಷ್ಟೂ ಅದರೊಳಗೆ ಸದ್ದು ನಿಧಾನ, ಸದ್ದು ನಿಧಾನವಾದಷ್ಟೂ ಕೊಳಲಿನ ಶ್ರುತಿ ಕೆಳಕ್ಕೆ. ಕೊಳಲಿನೊಳಗಿನ ಗಾಳಿ ಒಂದು ಡಿಗ್ರಿ ತಣಿದರೆ ಸುಮಾರು ಮೂರು ಸೆಂಟ್ ಇಳಿಕೆ. 440ರಿಂದ 432ಕ್ಕೆ ಇರುವುದು ಮೂವತ್ತೆರಡು ಸೆಂಟಿಗೂ ಕಮ್ಮಿ, ಅಂದರೆ ಹತ್ತು ಡಿಗ್ರಿ ಚಿಲ್ಲರೆ. ಡಿಸೆಂಬರಿನ ಬೆಳಗಿನ ಐದೂವರೆಗೆ ಬೆಂಗಳೂರಿನ ತಾರಸಿ ಹತ್ತಿ ಮಧ್ಯಾಹ್ನದ ಕೊಳಲನ್ನೇ ಬಾಯಿಗಿಟ್ಟರೆ ಮೊದಲ ಸ್ವರ ಹತ್ತಿರ ಹತ್ತಿರ ಋಷಿಸಮ್ಮತವಾಗಿಯೇ ಬರುತ್ತದೆ. ಎರಡು ನಿಮಿಷದಲ್ಲಿ ಉಸಿರಿನ ಬಿಸಿಗೆ ಬಿದಿರು ಕಾದು ಮತ್ತೆ ಪಿತೂರಿಯ ಕಡೆಗೆ ಏರತೊಡಗುತ್ತದೆ. ಬಿಪಿ ವಿಷಯ, ಆ ಹೊತ್ತಿಗೆ ಎದ್ದ ಪಕ್ಕದ ಮನೆಯವರನ್ನು ವಿಚಾರಿಸಿ.

ಈಗ ಎಣ್ಣೆ. ಕೊಳಲಿಗೆ ಯಾವ ಎಣ್ಣೆ ಎಂಬುದು ಪ್ರಶ್ನೆಯಲ್ಲ, ಮಠಗಳ ನಡುವಿನ ವ್ಯಾಜ್ಯ. ಉತ್ತರದವರದು ಸಾಸಿವೆ ಎಣ್ಣೆ. ಊದಿದಾಗಲೆಲ್ಲ ಯಾರೋ ಒಗ್ಗರಣೆ ಹಾಕಿದ ಹಾಗೆ, ಇಂಗು ಒಂದು ಕಮ್ಮಿ. ಕರಾವಳಿಯವರಿಗೆ ತೆಂಗಿನೆಣ್ಣೆ ಬಿಟ್ಟರೆ ಮಿಕ್ಕದ್ದು ಎಣ್ಣೆಯೇ ಅಲ್ಲ. ಆದರೆ ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಕೈಬಿಚ್ಚಿ ಸುರಿದುಕೊಂಡವರ ಕೊಳಲಿನೊಳಗೆ ಚಳಿಗಾಲದಲ್ಲಿ ಬಿಳಿ ಗೋಡೆ ಏಳುತ್ತದೆ. ಬಾದಾಮಿ ಎಣ್ಣೆಯವರು ಉಳ್ಳವರು. ತುಪ್ಪ ಹಾಕುವವರೂ ಇದ್ದಾರೆ. ಅವರ ಮನೆಯ ಇರುವೆಗಳಿಗೆ ಸಂಗೀತಜ್ಞಾನ ಚೆನ್ನಾಗಿದೆ.

ಮಾಡಬೇಕಾದ ಕೆಲಸ ಇಷ್ಟು: ಕೋಲಿಗೆ ಹಳೇ ಹತ್ತಿಬಟ್ಟೆ ಸುತ್ತಿ, ನಾಲ್ಕೈದು ಹನಿ ಹಾಕಿ, ಒಳಗೆ ತೆಳ್ಳಗೆ ಸವರಿ, ರಾತ್ರಿ ನಿಲ್ಲಿಸಿಟ್ಟು ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸುವುದು. ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಲ. ಸುತ್ತಿದ ದಾರಕ್ಕೆ ತಾಗಿಸಬಾರದು, ಎಣ್ಣೆ ಕುಡಿದ ದಾರ ಸಡಿಲವಾಗಿ ಜಾರುತ್ತದೆ. ದಾರ ಇರುವುದು ಅಲಂಕಾರಕ್ಕಲ್ಲ. ಊದಿದಾಗ ಒಳಮೈ ಉಸಿರಿನ ತೇವಕ್ಕೆ ಹಿಗ್ಗುತ್ತದೆ, ಹೊರಮೈ ಎಸಿಯ ಒಣಗಾಳಿಗೆ ಕುಗ್ಗುತ್ತದೆ, ಈ ಜಗ್ಗಾಟದಲ್ಲಿ ಬಿದಿರು ಉದ್ದಕ್ಕೆ ಸೀಳದಂತೆ ಕಟ್ಟಿ ಹಿಡಿಯುವುದು ಆ ದಾರ. ಕೂದಲೆಳೆಯ ಬಿರುಕಾದರೆ ಫೆವಿಕ್ವಿಕ್ ಒಂದು ಹನಿ ಇಳಿಸಿ ಮೇಲೆ ದಾರ ಬಿಗಿದರೆ ಇನ್ನೂ ನಾಲ್ಕು ಕಾಲ ಬಾಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮರೆತವರಿಗೆ ಯಾವ ಎಣ್ಣೆಯೂ ಇಲ್ಲ, ಒಲೆ ಇದೆ.

ಮಧ್ಯೆ ಮಧ್ಯೆ "ನೋಟ್ಸ್ ಕಳ್ಸಿ ಸಾರ್" ಪಂಗಡ. ಸಿನಿಮಾ ಹಾಡಿನ ಸ್ವರ ಬೇಕು, ಈಗಲೇ ಬೇಕು. ಯಾರೋ ಪುಣ್ಯಾತ್ಮರು ಕಳಿಸುತ್ತಾರೆ: ಗಗಪಪದದಪಗ. ಮೇಲಿನ ಸ್ಥಾಯಿಯೋ ಕೆಳಗಿನದೋ, ಕೋಮಲವೋ ತೀವ್ರವೋ, ಎಲ್ಲಿ ಎಳೆಯಬೇಕು ಎಲ್ಲಿ ನಿಲ್ಲಬೇಕು, ಒಂದೂ ಇಲ್ಲ. ಸಾರು ಮಾಡುವುದು ಹೇಗೆ ಎಂದು ಕೇಳಿದವರಿಗೆ "ಬೇಳೆ ಬೇಳೆ ಹುಳಿ ಉಪ್ಪು ಬೇಳೆ ಒಲೆ" ಎಂದು ಬರೆದುಕೊಟ್ಟ ಹಾಗೆ. ಪಡೆದವರು ನಮಸ್ಕಾರದ ಚಿತ್ರ ಕಳಿಸಿ, ಮರುದಿನ ಇನ್ನೊಂದು ಹಾಡಿಗೆ ಅರ್ಜಿ ಹಾಕುತ್ತಾರೆ. ಸರಳೆ ವರಸೆ ಎಂಬ ಮೊದಲ ಪಾಠ ಮೂರು ವೇಗದಲ್ಲಿ ಬಂದರೆ ಈ ಅರ್ಜಿಯೇ ಬೇಡ ಎಂದು ಹೇಳಿದವರನ್ನು "ನೆಗೆಟಿವ್" ಎನ್ನುತ್ತಾರೆ.

"ಕೃಷ್ಣ ಪರಮಾತ್ಮನ ಕೊಳಲು ಯಾವ ಸ್ಕೇಲ್?" ಎಂಬುದಂತೂ ಕೃಷ್ಣಾಷ್ಟಮಿಯ ಹಿಂದಿನ ದಿನ ತಪ್ಪದೆ ಬರುತ್ತದೆ. ಕ್ಯಾಲೆಂಡರಿನ ಚಿತ್ರ ನೋಡಿ ಅಳತೆ ಹಾಕಿದವರಿದ್ದಾರೆ: ಒಂದೂವರೆ ಅಡಿ, ಹಾಗಾಗಿ ಸಿ. ಕರ್ನಾಟಕ ಪದ್ಧತಿಯವರು ಕೂಡಲೇ ತಿದ್ದುತ್ತಾರೆ, "ಎರಡು ಮನೆ". ಬೆಣ್ಣೆ ಅಷ್ಟಿದ್ದ ಮನೆಯಲ್ಲಿ ಕೊಳಲಿಗೆ ಏನು ಹಚ್ಚುತ್ತಿದ್ದರು ಎಂದು ಮೂರನೆಯವರು.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ಸಂಜೆ ಫೋಟೋ ಬರುತ್ತದೆ. ಮಂಚದ ಮೇಲೆ ಬೆಡ್‌ಶೀಟ್ ಹಾಸಿ ಮಲಗಿಸಿದ ಇ ಬಾಸ್, ಪಕ್ಕದಲ್ಲಿ ಅದರ ಕವರ್. "ಮಾರಾಟಕ್ಕಿದೆ. ಪ್ರೊಫೆಷನಲ್ ಕ್ವಾಲಿಟಿ. ಹೊಸದರಂತಿದೆ. ಸಮಯದ ಅಭಾವದಿಂದ ಕೊಡುತ್ತಿದ್ದೇನೆ." ಹೊಸದರಂತಿದೆ ಎಂಬ ಮಾತು ನೂರಕ್ಕೆ ನೂರು ಸತ್ಯ, ಊದುವ ತೂತಿನ ಅಂಚಿನಲ್ಲಿ ತುಟಿಯ ಗುರುತು ಸಹ ಬಿದ್ದಿರುವುದಿಲ್ಲ. ಒಂದು ನಿಮಿಷದೊಳಗೆ ಗಿರಾಕಿ ಹಾಜರ್. ಬೆಲೆ ಕೇಳುವುದಿಲ್ಲ, ಶ್ರುತಿ ಕೇಳುವುದಿಲ್ಲ, ಊದಿ ತೋರಿಸಿ ಎನ್ನುವುದಿಲ್ಲ.

"ಸಾರ್, ಇದಕ್ಕೆ ಯಾವ ಎಣ್ಣೆ ಹಾಕ್ತಿದ್ರಿ?"